ಮಗ ಮನೆಯಲ್ಲಿ ಯುದ್ಧದಾಟ ಆಡುತ್ತಾನೆ, ಬಿಡಬಹುದಾ?

ಓದುಗರ ಪ್ರಶ್ನೆ: "ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮಗ ಫಸ್ಟ್ ಪಿಯುಸಿ. ಬೇಸಿಗೆ ರಜೆಯಿಂದ ಅವನಿಗೆ ವಾರ್‌ಗೇಮ್ ಹುಚ್ಚು ಹಿಡಿದಿದೆ. ಮೊಬೈಲಿನದಲ್ಲ. ನೆಲದ ಮೇಲೆ ದೊಡ್ಡ ನಕ್ಷೆ ಹಾಸಿ, ರಟ್ಟಿನ ಚೂರುಗಳನ್ನು ಸೈನ್ಯ ಅಂತ ಇಟ್ಟು, ದಾಳ ಉರುಳಿಸುತ್ತಾ ಪಕ್ಕದ ಮನೆ ಹುಡುಗನ ಜೊತೆ ಗಂಟೆಗಟ್ಟಲೆ ಆಡುತ್ತಾನೆ. ನಮ್ಮ ಅತ್ತೆಯವರಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. 'ದಾಳ ಹಿಡಿದು ಧರ್ಮರಾಯನ ಗತಿ ಏನಾಯಿತು? ಮನೆಯೊಳಗೆ ಯುದ್ಧ ಆಡಬಾರದು' ಅನ್ನುತ್ತಾರೆ. ಮಗ 'ಈ ಆಟ ಆಡಿಯೇ ಜರ್ಮನಿ ಫ್ರಾನ್ಸನ್ನು ಸೋಲಿಸಿದ್ದು' ಅಂತ ವಾದಿಸುತ್ತಾನೆ. ನಮ್ಮ ಯಜಮಾನರು ವಾಟ್ಸಾಪಿನಲ್ಲಿ ಬಂದಿದ್ದನ್ನು ತೋರಿಸಿ 'ಇದು ನಮ್ಮ ಚತುರಂಗ, ಜರ್ಮನ್ನರು ಕದ್ದಿದ್ದು' ಅನ್ನುತ್ತಾರೆ. ಯಾರು ಹೇಳುವುದು ಸರಿ? ಇದರಿಂದ ಹುಡುಗನ ಮನಸ್ಸು ಒರಟಾಗುತ್ತದಾ? ಈಗ ಕಾಲೇಜಿನ ವಸ್ತುಪ್ರದರ್ಶನಕ್ಕೆ ತಾನೇ ಒಂದು ಆಟ ಮಾಡುತ್ತೇನೆ ಅಂತ ಕೂತಿದ್ದಾನೆ. ನಿಯಮದ ವಿಷಯಕ್ಕೆ ಇಬ್ಬರು ಹುಡುಗರಿಗೂ ದಿನಾ ಜಗಳ. ಏನು ಮಾಡಿಸಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದಿವೆ. ಆದರೆ ಒಳಗಿರುವ ಆತಂಕ ಒಂದೇ ಅನಿಸಿತು. ಮಗ ಇಷ್ಟು ಹೊತ್ತು ಕೊಡುತ್ತಿರುವ ಈ ಆಟ ಅವನ ಬುದ್ಧಿಯನ್ನು ಬೆಳೆಸುತ್ತಿದೆಯಾ, ಕೆಡಿಸುತ್ತಿದೆಯಾ, ಅಲ್ವಾ?

ನಾನು ಸೇನೆಯಲ್ಲಿದ್ದಾಗ ಹಲವು ವರ್ಷ ಕಿರಿಯ ಅಧಿಕಾರಿಗಳಿಗೆ ಪಾಠ ಹೇಳಿದ್ದೇನೆ. ಅಲ್ಲಿ ನಮಗೂ ಇಂಥದ್ದೊಂದು ಇತ್ತು. ಮರಳಿನಲ್ಲಿ ಗುಡ್ಡ, ಹೊಳೆ, ಊರು ಮಾಡುತ್ತಿದ್ದೆವು. ಬಣ್ಣ ಹಾಕಿದ ಮರದ ಹೊಟ್ಟು ಕಾಡಾಗುತ್ತಿತ್ತು. ಅದನ್ನು ಸ್ಯಾಂಡ್ ಮಾಡೆಲ್ ಅನ್ನುತ್ತೇವೆ. ಸುತ್ತ ನಿಂತು, ಕೈಯಲ್ಲಿ ಕೋಲು ಹಿಡಿದು, "ಶತ್ರು ಈ ಕಡೆಯಿಂದ ಬಂದ, ಈಗ ನೀನು ಏನು ಮಾಡ್ತೀಯ?" ಅಂತ ಕೇಳುವುದು ನನ್ನ ಕೆಲಸ. ನಿಮ್ಮ ಮಗನ ನಕ್ಷೆಯೂ ಆ ಮರಳೂ ಒಂದೇ ಮನೆತನದವು. ಹಾಗಾಗಿ ನಿಮ್ಮ ಮನೆಯ ಮೂರೂ ವಾದಗಳಿಗೆ ನನಗೆ ತಿಳಿದಂತೆ ಉತ್ತರ ಹೇಳುತ್ತೇನೆ.

ಮೊದಲು ಯಜಮಾನರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯವನ್ನು ಮಣೆಯ ಮೇಲೆ ತಂದಿದ್ದು ನಮ್ಮ ದೇಶ. 7ನೇ ಶತಮಾನದಲ್ಲಿ ಬಾಣಭಟ್ಟ ಹರ್ಷನ ಆಳ್ವಿಕೆಯನ್ನು ಹೊಗಳುತ್ತಾ, ಆ ರಾಜ್ಯದಲ್ಲಿ ಎಲ್ಲೆಲ್ಲೂ ಶಾಂತಿ, ಚತುರಂಗದ ಹೂಟ ಕಾಣುವುದು ಅಷ್ಟಾಪದದ ಮಣೆಯಲ್ಲಿ ಮಾತ್ರ ಎಂಬರ್ಥದ ಮಾತು ಬರೆದಿದ್ದಾನೆ. ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯಲ್ಲಿ ತಡೆದು ನಿಲ್ಲಿಸಿದನಲ್ಲ, ಅದೇ ಹರ್ಷ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಚತುರಂಗಕ್ಕೂ ಜಾಗ ಇದೆ. ಈ ಆಟ ಪರ್ಷಿಯಾಕ್ಕೆ ಹೋಯಿತು. ಅರಬರ ಕೈಗೆ ಬಂತು. ಅಲ್ಲಿಂದ ಯುರೋಪಿಗೆ ಹೋಗಿ ಚೆಸ್ ಆಯಿತು. ಇದು ಕಳ್ಳತನ ಅಲ್ಲ. ಒಳ್ಳೆಯ ಆಟ ಜನರ ಜೊತೆ ನಡೆದುಹೋಗುತ್ತದೆ, ಅಷ್ಟೇ.

ಯುದ್ಧದಾಟದ ಮೊದಲ ಹೆಜ್ಜೆಗಳು ಚೆಸ್ ಮಣೆಯ ಮೇಲೆಯೇ ಬಿದ್ದವು. 1664ರಲ್ಲಿ ಜರ್ಮನಿಯ ಉಲ್ಮ್ ಊರಿನ ಕ್ರಿಸ್ಟೋಫ್ ವೈಕ್‌ಮನ್ ಚೆಸ್ಸನ್ನೇ ಹಿಗ್ಗಿಸಿ ಒಂದು ದೊಡ್ಡ 'ರಾಜರ ಆಟ' ಮಾಡಿದ. 1780ರಲ್ಲಿ ಬ್ರೌನ್‌ಷ್ವೈಗ್‌ನ ಗಣಿತದ ಮೇಷ್ಟ್ರು ಯೋಹಾನ್ ಹೆಲ್‌ವಿಗ್ ಇನ್ನೂ ಮುಂದೆ ಹೋದ. ಅವನ ಮಣೆಯಲ್ಲಿ 1617 ಮನೆಗಳು. ಬೆಟ್ಟಕ್ಕೆ ಕೆಂಪು, ನೀರಿಗೆ ನೀಲಿ, ಕಾಡಿಗೆ ಹಸಿರು. ಯಾವ ಕಾಯಿ ಯಾವ ಬಣ್ಣದ ಮೇಲೆ ಹೋಗಬಹುದು, ಹೋಗಬಾರದು ಎಂಬುದಕ್ಕೆ ನಿಯಮ. ಮಣೆಯ ಮೇಲೆ ಮೊದಲ ಸಲ ನೆಲಕ್ಕೆ ಬೆಲೆ ಬಂತು ನೋಡಿ. ನಂತರ ಗೆಯೋರ್ಗ್ ವೆಂಟುರಿನಿ ಎಂಬವನು ಮನೆಗಳನ್ನು 3600ಕ್ಕೆ ಏರಿಸಿದ. ನಿಯಮಗಳೂ ಹಾಗೇ ಬೆಳೆದವು. ಆಟ ಮಾತ್ರ ಹೆಣಭಾರವಾಯಿತು.

ಆದರೆ ಸೇನೆಗಳು ಗಂಭೀರವಾಗಿ ತೆಗೆದುಕೊಂಡ ಯುದ್ಧದಾಟ ಹುಟ್ಟಿದ್ದು ಚೆಸ್ ಮಣೆಯನ್ನು ಬಿಟ್ಟ ಮೇಲೆ. ವಾಟ್ಸಾಪ್ ಸಂದೇಶ ತಪ್ಪುವುದು ಇಲ್ಲಿ. ಚೆಸ್‌ನಲ್ಲಿ ಎರಡೂ ಕಡೆಯವರಿಗೆ ಎಲ್ಲ ಕಾಯಿಯೂ ಕಾಣುತ್ತದೆ. ಕುದುರೆ ಒಂದು ಕಾಲಾಳನ್ನು ಹೊಡೆಯಲು ಹೋದರೆ ಹೊಡೆದೇ ತೀರುತ್ತದೆ. ನಿಜವಾದ ಯುದ್ಧದಲ್ಲಿ ಎರಡೂ ಹಾಗಿಲ್ಲ. ಗುಡ್ಡದ ಆಚೆ ಏನಿದೆ ಗೊತ್ತಿರುವುದಿಲ್ಲ. ಹೊಡೆಯಲು ಹೋದವನು ತಾನೇ ಬೀಳಬಹುದು.

ಈ ಎರಡು ಕೊರತೆಯನ್ನು ತುಂಬಿದ್ದು ಪ್ರಷ್ಯಾ ಎಂಬ ಆಗಿನ ಜರ್ಮನ್ ರಾಜ್ಯದ ಒಂದು ಅಪ್ಪ-ಮಗನ ಜೋಡಿ. ಇವರ ಕಥೆ ಹೇಳುವಾಗ ನನಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಅಪ್ಪ, ಬ್ಯಾರನ್ ಫಾನ್ ರೈಸ್‌ವಿಟ್ಸ್. ಈಗ ಪೋಲೆಂಡಿಗೆ ಸೇರಿದ ಬ್ರೆಸ್ಲಾವ್ ಊರಿನಲ್ಲಿ ಸರ್ಕಾರಿ ಅಧಿಕಾರಿ. ಸೈನಿಕನಲ್ಲ. ಅವನು ಚೌಕದ ಮನೆಗಳನ್ನೇ ತೆಗೆದುಹಾಕಿದ. ಮರಳಿನಲ್ಲಿ ನೆಲದ ಏರುತಗ್ಗು ಮಾಡಿ, ಅದರ ಮೇಲೆ ಅಳತೆ ಹಿಡಿದು ಕಾಯಿ ನಡೆಸಿದ. ಸುದ್ದಿ ರಾಜಕುಮಾರರ ಕಿವಿಗೆ ಬಿತ್ತು. ಅವರಿಂದ ರಾಜ ಮೂರನೇ ಫ್ರೀಡ್ರಿಶ್ ವಿಲ್‌ಹೆಲ್ಮನಿಗೆ ತಿಳಿಯಿತು. ರಾಜನ ಮುಂದೆ ಮರಳು ಇಡುವುದು ಹೇಗೆ ಅಂತ ರೈಸ್‌ವಿಟ್ಸ್ ಒಂದು ದೊಡ್ಡ ಮೇಜು ಮಾಡಿಸಿದ. ಬೇಕಾದ ಹಾಗೆ ಜೋಡಿಸಿ ಬೆಟ್ಟ, ನದಿ, ಹಳ್ಳಿ ಮಾಡಬಹುದಾದ ಬಿಲ್ಲೆಗಳು, ಅವನ್ನೆಲ್ಲ ಇಡಲು ಡ್ರಾಯರುಗಳು. 1812ರಲ್ಲಿ ಅದು ಅರಮನೆ ಸೇರಿತು. ರಾಜಮನೆತನದವರು ಖುಷಿಯಿಂದ ಆಡಿದರು. ಆದರೆ ಅಂಥ ಮೇಜನ್ನು ಪ್ರತಿ ರೆಜಿಮೆಂಟಿಗೂ ಮಾಡಿಸಲು ಆಗುತ್ತದಾ? ಆಟ ಅರಮನೆಯಲ್ಲೇ ಉಳಿಯಿತು.

ಅದನ್ನು ಸೇನೆಗೆ ತಂದವನು ಮಗ. ಅವನು ಫಿರಂಗಿ ದಳದ ಲೆಫ್ಟಿನೆಂಟ್. 1824ರಲ್ಲಿ ತನ್ನ ನಿಯಮಗಳನ್ನು ಅಚ್ಚು ಹಾಕಿಸಿದ. ಹೆಸರು ಕ್ರೀಗ್ಸ್‌ಶ್ಪೀಲ್, ಅಂದರೆ ಯುದ್ಧದಾಟ. ಮೇಜಿನ ಬದಲು ಕಾಗದದ ನಕ್ಷೆ. ಅಳತೆ 1:8000. ನೆಲದ ಮೇಲಿನ 1 ಕಿಲೋಮೀಟರ್ ನಕ್ಷೆಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್. ಒಂದು ಸರದಿ ಅಂದರೆ 2 ನಿಮಿಷದ ಯುದ್ಧ. ನಡೆದುಹೋಗುವ ಕಾಲಾಳು 2 ನಿಮಿಷಕ್ಕೆ ಸುಮಾರು 150 ಮೀಟರ್ ಹೋದರೆ ನಕ್ಷೆಯಲ್ಲಿ ಅದು 2 ಸೆಂಟಿಮೀಟರಿಗಿಂತ ತುಸು ಕಡಿಮೆ. ಅಷ್ಟೇ ಸರಿಸಬೇಕು. ಆಟದಲ್ಲಿ ಕೂತವನಿಗೆ ಆಗ ಅರ್ಥವಾಗುತ್ತದೆ, ಸೈನ್ಯ ಎಷ್ಟು ನಿಧಾನ ಅಂತ. ಒಂದು ಕಡೆಗೆ ಕೆಂಪು ಕಾಯಿ, ಇನ್ನೊಂದಕ್ಕೆ ನೀಲಿ.

ಎಲ್ಲಕ್ಕಿಂತ ಹೊಸದು ನಡುವೆ ಕೂತ ಮೂರನೆಯವನು. ಕ್ರಿಕೆಟ್ ನೋಡುವವರಿಗೆ ಬೇರೆ ಪದ ಬೇಡ, ಅಂಪೈರ್. ಆಟಗಾರರು ನೇರವಾಗಿ ಕಾಯಿ ಸರಿಸುವಂತಿಲ್ಲ. "ನನ್ನ ಕುದುರೆ ಪಡೆ ಸೇತುವೆ ಹಿಡಿಯಲಿ" ಅಂತ ಚೀಟಿ ಬರೆದು ಅಂಪೈರ್ ಕೈಗೆ ಕೊಡಬೇಕು. ಎರಡೂ ಕಡೆಯ ಗುಟ್ಟು ಅವನೊಬ್ಬನಿಗೇ ಗೊತ್ತು. ಎದುರಾಳಿಯ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಾನೆ. ಕಾಡಿನೊಳಗೆ ಬಚ್ಚಿಟ್ಟ ಪಡೆ ನಕ್ಷೆಯಲ್ಲಿ ಇರುವುದೇ ಇಲ್ಲ. ಗುಂಡು ಹಾರಿದಾಗ ಎಷ್ಟು ಜನ ಬಿದ್ದರು ಎಂದು ಹೇಳುವವನೂ ಅವನೇ.

ಇಲ್ಲಿ ನಿಮ್ಮ ಅತ್ತೆಯವರ ದಾಳ ಬರುತ್ತದೆ.

ಮಗ ರೈಸ್‌ವಿಟ್ಸ್‌ನ ದಾಳ ನಮ್ಮ ಪಗಡೆಯ ದಾಳದಂತಲ್ಲ. ಅದರ ಮುಖಗಳ ಮೇಲೆ ನಷ್ಟದ ಲೆಕ್ಕ ಬರೆದಿತ್ತು. ಆ ಲೆಕ್ಕವೂ ಸುಮ್ನೆ ಬರೆದದ್ದಲ್ಲ. ಪ್ರಷ್ಯಾದ ಸೇನಾ ಸುಧಾರಕ ಶಾರ್ನ್‌ಹೋರ್ಸ್ಟ್ ಬಂದೂಕುಗಳನ್ನು ಮೈದಾನದಲ್ಲಿ ಪರೀಕ್ಷೆಗೆ ಹಚ್ಚಿ, ಯಾವ ದೂರದಲ್ಲಿ ಎಷ್ಟು ಗುಂಡು ಗುರಿ ಮುಟ್ಟಿತು ಎಂದು ಎಣಿಸಿ, 1813ರಲ್ಲಿ ಪ್ರಕಟಿಸಿದ್ದ. ರೈಸ್‌ವಿಟ್ಸ್ ಇಂಥ ಲೆಕ್ಕಗಳ ಮೇಲೆ ತನ್ನ ಆಟ ಕಟ್ಟಿದ. ಒಳ್ಳೆಯ ಜಾಗದಲ್ಲಿ ನಿಂತವನಿಗೆ ಒಳ್ಳೆಯ ಗರ ಬೀಳುವ ಸಾಧ್ಯತೆ ಜಾಸ್ತಿ. ಆದರೆ ಖಾತ್ರಿ ಇಲ್ಲ. ಧರ್ಮರಾಯ ದಾಳದ ಮೇಲೆ ರಾಜ್ಯವನ್ನೇ ಪಣ ಇಟ್ಟ. ಇಲ್ಲಿ ಪಣ ಇಲ್ಲ. ಎಷ್ಟೇ ಚೆನ್ನಾಗಿ ಯೋಚಿಸಿದರೂ ಕೆಲಸ ಕೆಡಬಹುದು, ಕೆಟ್ಟರೆ ಮುಂದೇನು ಅಂತ ಮೊದಲೇ ಯೋಚಿಸಿಟ್ಟುಕೋ ಅನ್ನುವುದಕ್ಕೆ ಇಲ್ಲಿ ದಾಳ ಇರುವುದು. ಆದರೂ ಅತ್ತೆಯವರ ಎಚ್ಚರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ದುಡ್ಡು ನಡುವೆ ಬಂದ ದಿನ ಆಟ ನಿಲ್ಲಿಸಿ. ಅದರಲ್ಲಿ ಅವರು ಹೇಳುವುದು ನೂರಕ್ಕೆ ನೂರು ಸರಿ.

ಮಗ ರೈಸ್‌ವಿಟ್ಸ್‌ನ ಆಟವನ್ನು ಸೇನೆಯ ಮುಖ್ಯಸ್ಥ ಜನರಲ್ ಮ್ಯುಫ್ಲಿಂಗ್ ನೋಡಿದಾಗ ಮೊದಲು ಅಷ್ಟೇನೂ ಆಸಕ್ತಿ ತೋರಿಸಲಿಲ್ಲವಂತೆ. ನೋಡುತ್ತಾ ನೋಡುತ್ತಾ ಅವನ ಮುಖ ಅರಳಿತು. ಇದು ಮಾಮೂಲಿ ಆಟವೇ ಅಲ್ಲ, ಯುದ್ಧದ ಪಾಠಶಾಲೆ, ಇಡೀ ಸೇನೆಗೆ ಶಿಫಾರಸು ಮಾಡುತ್ತೇನೆ ಎಂಬರ್ಥದಲ್ಲಿ ಹೇಳಿದನೆಂದು ಜೊತೆಗಿದ್ದ ಅಧಿಕಾರಿಯೊಬ್ಬ ಎಷ್ಟೋ ವರ್ಷದ ಮೇಲೆ ಬರೆದಿದ್ದಾನೆ. ಮಾತು ಉಳಿಸಿಕೊಂಡ ಕೂಡ. ಆಟ ರೆಜಿಮೆಂಟುಗಳಿಗೆ ಹೋಯಿತು. ಆದರೆ ಅದನ್ನು ಮಾಡಿದವನಿಗೆ ಸುಖ ಸಿಗಲಿಲ್ಲ. 1826ರಲ್ಲಿ ಅವನಿಗೆ ಬರ್ಲಿನ್‌ನಿಂದ ಟೋರ್ಗಾವ್‌ಗೆ ವರ್ಗವಾಯಿತು. ಮರುವರ್ಷ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಎಳೆಯ ವಯಸ್ಸು. ಇವತ್ತು ಜಗತ್ತಿನ ಎಲ್ಲ ದೊಡ್ಡ ಸೇನೆಗಳೂ ಬಳಸುವ ಒಂದು ವಿಧಾನಕ್ಕೆ ರೂಪ ಕೊಟ್ಟವನ ಹೆಸರು ಸೇನೆಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇದೆಲ್ಲ ಪ್ರಷ್ಯಾದಲ್ಲೇ ಏಕೆ ಆಯಿತು? 1806ರಲ್ಲಿ ಯೇನಾದಲ್ಲಿ ನೆಪೋಲಿಯನ್ ಆ ಸೇನೆಯನ್ನು ನುಚ್ಚುನೂರು ಮಾಡಿದ್ದ. ಹಳೆಯ ರೀತಿಯಲ್ಲಿ ಕಲಿತರೆ ಉಳಿಗಾಲ ಇಲ್ಲ ಎಂಬುದು ಅವರಿಗೆ ಪೆಟ್ಟು ತಿಂದು ಗೊತ್ತಾಯಿತು. ಬರ್ಲಿನ್‌ನಲ್ಲಿ 1810ರಲ್ಲಿ ಅಧಿಕಾರಿಗಳಿಗೆ ಯುದ್ಧಶಾಲೆ ಶುರುವಾಯಿತು. ಆಮೇಲೆ 1815ರಿಂದ ಉದ್ದಕ್ಕೂ ಶಾಂತಿ. ಯುದ್ಧವನ್ನೇ ನೋಡದ ತಲೆಮಾರು ಅಧಿಕಾರಿಗಳಾಗಿ ಬಂತು. ಅವರಿಗೆ ಕಲಿಸುವುದು ಹೇಗೆ? ಹೊತ್ತಿಗೆ ಸರಿಯಾಗಿ ಒಳ್ಳೆಯ ನಕ್ಷೆಗಳೂ ಬರತೊಡಗಿದ್ದವು. ಅವಮಾನ, ಶಾಂತಿ, ನಕ್ಷೆ ಮೂರೂ ಕೂಡಿಬಂದವು.

ಈಗ ನಿಮ್ಮ ಮಗನ ವಾದ. 1870-71ರಲ್ಲಿ ಪ್ರಷ್ಯಾ ಮತ್ತು ಅದರ ಜೊತೆಗಾರ ಜರ್ಮನ್ ರಾಜ್ಯಗಳು ಫ್ರಾನ್ಸನ್ನು ಸೋಲಿಸಿದ್ದು ನಿಜ. ಅವರ ಸೇನಾ ಮುಖ್ಯಸ್ಥ ಮೋಲ್ಟ್ಕೆ ಯುದ್ಧದಾಟಕ್ಕೆ ಒತ್ತು ಕೊಡುತ್ತಿದ್ದದ್ದೂ ನಿಜ. ರಾಜಕುಮಾರನಾಗಿದ್ದಾಗ ಈ ಆಟವನ್ನು ಮೆಚ್ಚಿ ಬೆಂಬಲಿಸಿದ್ದ ವಿಲ್‌ಹೆಲ್ಮ್ 1871ರಲ್ಲಿ ಜರ್ಮನಿಯ ಚಕ್ರವರ್ತಿಯಾದ. ಆದರೆ ಗೆದ್ದದ್ದು ಆಟದಿಂದ ಅಂದರೆ ನಾನು ಒಪ್ಪುವುದಿಲ್ಲ. ರೈಲಿನಲ್ಲಿ ಲಕ್ಷಾಂತರ ಜನರನ್ನು ಗಡಿಗೆ ಬೇಗ ಸಾಗಿಸಿದರು. ಕ್ರುಪ್ ಕಂಪನಿಯ ಉಕ್ಕಿನ ಫಿರಂಗಿಗಳು ಫ್ರೆಂಚರ ಫಿರಂಗಿಗಳಿಗಿಂತ ಮೇಲಿದ್ದವು. ಬಂದೂಕು ಮಾತ್ರ ಫ್ರೆಂಚರದ್ದೇ ಚೆನ್ನಾಗಿತ್ತು. ಫ್ರಾನ್ಸಿನ ಸೈನ್ಯ ಜಮಾವಣೆ ಎಲ್ಲಿ ಯಾರು ಅಂತ ತಿಳಿಯದಷ್ಟು ಗೊಂದಲವಾಗಿತ್ತು. ಆಟ ಮಾಡಿದ್ದು ಒಂದೇ ಕೆಲಸ. ಮೇಲಿನಿಂದ ಆಜ್ಞೆ ಬರದಿದ್ದರೂ ನಿರ್ಧಾರ ತೆಗೆದುಕೊಳ್ಳುವ ಅಭ್ಯಾಸವನ್ನು ಅಧಿಕಾರಿಗಳಲ್ಲಿ ಬೆಳೆಸಿತು. ಅದು ಸಣ್ಣದಲ್ಲ, ಆದರೆ ಅದೊಂದರಿಂದಲೇ ಗೆದ್ದದ್ದೂ ಅಲ್ಲ. ಬೇರೆ ದೇಶಗಳು ಮಾತ್ರ ಯುದ್ಧದಾಟವನ್ನು ಕೂಡಲೇ ಕಲಿತವು. ರೈಲು ಹಾಕಿಸುವುದಕ್ಕಿಂತ ನಕ್ಷೆ, ಕಾಯಿ ಕೊಳ್ಳುವುದು ಸುಲಭ. 1872ರಲ್ಲಿ ಇಂಗ್ಲಿಷಿಗೆ ನಿಯಮ ತಂದ ಕ್ಯಾಪ್ಟನ್ ಬೇರಿಂಗ್ ಮುಂದೆ ಭಾರತದ ವೈಸರಾಯ್ ಸಭೆಯಲ್ಲಿ ಹಣಕಾಸು ನೋಡಿಕೊಂಡ. ಅಮೆರಿಕದ ನೌಕಾಪಡೆಯ ಕಾಲೇಜಿನಲ್ಲಿ 1887ರಿಂದ ಆಟ ಶುರು. 1885ರಲ್ಲಿ ಜರ್ಮನ್ ಅಧಿಕಾರಿ ಮೆಕೆಲ್ ಜಪಾನಿಗೆ ಪಾಠ ಹೇಳಲು ಹೋದ.

ಮನಸ್ಸು ಒರಟಾಗುತ್ತದಾ ಅಂತ ಕೇಳಿದ್ದೀರಿ. ಮನೆಮನೆಯ ಹವ್ಯಾಸವಾಗಿ ಇದನ್ನು ಬೆಳೆಸಿದವರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ದೊಡ್ಡ ಹೆಸರು. ತವರದ ಸೈನಿಕರನ್ನು ನೆಲದ ಮೇಲೆ ಜೋಡಿಸಿ, ಸ್ಪ್ರಿಂಗ್ ಫಿರಂಗಿಯಿಂದ ಮರದ ಚೂರು ಹೊಡೆದು ಉರುಳಿಸುವ ಆಟಕ್ಕೆ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು, ಮೂರು ನಾಲ್ಕು ಸಲ ಆಡಿದರೆ ದೊಡ್ಡ ಯುದ್ಧ ಎಂಥ ತಪ್ಪು ಅಂತ ತಿಳಿಯುತ್ತದೆ ಎಂಬುದು ಅವನ ಮಾತಿನ ಸಾರ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ನನ್ನ ಅನುಭವದಲ್ಲಿ, ಮರಳಿನ ಮೇಲೆ ಪದೇ ಪದೇ ಸೋತ ಹುಡುಗರು ಜಂಬ ಬಿಡುತ್ತಿದ್ದರು. ಎದುರಾಳಿ ಏನು ಯೋಚಿಸುತ್ತಿರಬಹುದು ಅಂತ ಕೇಳಿಕೊಳ್ಳಲು ಕಲಿಯುತ್ತಿದ್ದರು. ನಾನು ಎಚ್ಚರ ವಹಿಸುತ್ತಿದ್ದದ್ದು ಬೇರೆಯದಕ್ಕೆ. ಬಿದ್ದ ಕಾಯಿಯನ್ನು ತೆಗೆದು ಡಬ್ಬಕ್ಕೆ ಹಾಕುವುದು ತುಂಬಾ ಸಲೀಸು. ಹಾಗಾಗಿ ಆಟ ಮುಗಿದ ಮೇಲೆ ಡಬ್ಬದಲ್ಲಿರುವ ಕಾಯಿಗಳನ್ನು ಎಣಿಸಿ, ಅವು ಎಷ್ಟು ಜನ ಅಂತ ಬಾಯಿಬಿಟ್ಟು ಹೇಳಿಸುತ್ತಿದ್ದೆ. ನೀವೂ ಇದನ್ನು ಮಾಡಿಸಿ.

ಇನ್ನು ಹುಡುಗರ ಜಗಳ. ಈ ಜಗಳಕ್ಕೆ 150 ವರ್ಷವಾಗಿದೆ. ನಿಯಮ ಜಾಸ್ತಿಯಾದಂತೆ ಪ್ರಷ್ಯಾದ ಅಂಪೈರುಗಳು ಕೋಷ್ಟಕ ನೋಡುವುದರಲ್ಲೇ ಸುಸ್ತಾದರು. ಆಮೇಲೆ ಮೆಕೆಲ್ ಈ ಬಿಗಿ ನಿಯಮಗಳನ್ನು ಟೀಕಿಸಿದ. 1876ರಲ್ಲಿ ಫೆರ್ಡಿ ದ್ಯು ವೆರ್ನ್ವಾ ಎಂಬ ಅಧಿಕಾರಿ ನಿಯಮದ ಪುಸ್ತಕವನ್ನೇ ಬದಿಗಿಡಿ, ಅನುಭವ ಇರುವ ಅಂಪೈರ್ ತೀರ್ಮಾನ ಹೇಳಲಿ ಅಂದ. ಅಂದಿನಿಂದ ಎರಡು ದಾರಿ.

ಬಿಗಿ ನಿಯಮದ ದಾರಿ ಹಿಡಿದರೆ ಇಬ್ಬರಿಗೂ ನ್ಯಾಯ ಸಿಗುತ್ತದೆ. ಆದರೆ ಆಟ ಲೆಕ್ಕದ ಪುಸ್ತಕವಾಗುತ್ತದೆ, ಬುದ್ಧಿಯೆಲ್ಲ ನಿಯಮದ ಸಂದಿ ಹುಡುಕಲು ಹೋಗುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಇರಬೇಕು. ಅಂಪೈರ್ ಹೇಳಿದ್ದೇ ಸರಿ ಎಂಬ ದಾರಿಯಲ್ಲಿ ಆಟ ಓಡುತ್ತದೆ. ಆದರೆ ಅಂಪೈರ್ ಸೋತರೆ ಆಟವೇ ಸೋಲುತ್ತದೆ. 1942ರಲ್ಲಿ ಅಮೆರಿಕದ ಜೊತೆ ನಡೆದ ಮಿಡ್‌ವೇ ಯುದ್ಧಕ್ಕೆ ಮೊದಲು ಜಪಾನಿನ ನೌಕಾಪಡೆ ಯುದ್ಧದಾಟ ಆಡಿತು. ಅದರಲ್ಲಿ ಅವರ ವಿಮಾನವಾಹಕ ಹಡಗುಗಳ ಮೇಲೆ 9 ಬಾಂಬು ಬಿದ್ದವೆಂದು ತೀರ್ಮಾನವಾದಾಗ, ಮೇಲಿದ್ದ ಅಡ್ಮಿರಲ್ ಉಗಾಕಿ ಅದನ್ನು 3ಕ್ಕೆ ಇಳಿಸಿದ, ಮುಳುಗಿದ ಹಡಗನ್ನು ಮತ್ತೆ ತೇಲಿಸಿದ ಎಂದು ಜಪಾನಿ ಅಧಿಕಾರಿಗಳೇ ಬರೆದಿದ್ದಾರೆ. ನಿಜ ಯುದ್ಧದಲ್ಲಿ ಅವರ 4 ವಿಮಾನವಾಹಕಗಳು ಮುಳುಗಿದವು. ನಾನೂ ಒಮ್ಮೆ ಹೀಗೆ ಸೋತಿದ್ದೇನೆ. ಮಳೆಗಾಲದ ಒಂದು ಹಳ್ಳವನ್ನು ಲಾರಿಗಳು ದಾಟಲಾರವು ಅಂದೆ. ದಾಟುತ್ತವೆ ಅಂತ ಹಿರಿಯರೊಬ್ಬರು ಪಟ್ಟು ಹಿಡಿದರು. ನಾನು ಸುಮ್ಮನಾದೆ. ಮುಂದೆ ನಿಜವಾದ ಅಭ್ಯಾಸದಲ್ಲಿ ಅದೇ ಹಳ್ಳದಲ್ಲಿ ಇಡೀ ರಾತ್ರಿ ಲಾರಿ ಎಳೆದೆವು. ಯಾರಿಗೂ ಗಾಯವಾಗಲಿಲ್ಲ ಎಂಬುದು ಪುಣ್ಯ. ಆ ಸುಮ್ಮನಿದ್ದದ್ದಕ್ಕೆ ನನಗೆ ಇನ್ನೂ ಬೇಸರವಿದೆ.

ಹುಡುಗರಿಗೆ ನಾನು ಹೇಳುವುದು ನಡುವಿನ ದಾರಿ. ಒಬ್ಬ ಅಂಪೈರ್ ಇರಲಿ. ಆಟಗಾರ ತಾನು ಏನು ಮಾಡುತ್ತೇನೆ, ಅದು ಏಕೆ ಆಗುತ್ತದೆ ಅಂತ ಹೇಳಲಿ. ಎದುರಾಳಿ ಏಕೆ ಆಗದು ಅಂತ ಹೇಳಲಿ. ಇಬ್ಬರ ಮಾತು ಕೇಳಿ ಅಂಪೈರ್ "4 ಅಥವಾ ಮೇಲೆ ಬಿದ್ದರೆ ಆಯಿತು" ಎಂದು ದಾಳ ಉರುಳಿಸುವ ಮೊದಲೇ ಗಟ್ಟಿಯಾಗಿ ಹೇಳಿಬಿಡಲಿ. ಬಿದ್ದ ಮೇಲೆ ಬದಲಾಯಿಸುವಂತಿಲ್ಲ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಚೌಕದ ಮನೆ ಹಾಕುತ್ತಾರೋ, ಜೇನುಗೂಡಿನಂಥ ಆರು ಮೂಲೆಯ ಮನೆಯೋ ಅಂತ ಮಗ ಕೇಳಬಹುದು. ಚೌಕದಲ್ಲಿ ಮೂಲೆಯಿಂದ ಮೂಲೆಗೆ ಹೋದರೆ ದೂರ ಜಾಸ್ತಿಯಾಗುತ್ತದೆ. ಆರು ಮೂಲೆಯದರಲ್ಲಿ ಎಲ್ಲ ಅಕ್ಕಪಕ್ಕದ ಮನೆಯೂ ಒಂದೇ ದೂರ. 1961ರಿಂದ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ತನ್ನ ಕಂಪನಿಯ ಆಟಗಳಲ್ಲಿ ಅದನ್ನು ತಂದದ್ದು ಇದಕ್ಕೇ. ಆದರೆ ಅಂಪೈರ್ ಇದ್ದರೆ ಯಾವ ಮನೆಯೂ ಬೇಡ. ದಾರ, ಸ್ಕೇಲು ಸಾಕು.

ವಸ್ತುಪ್ರದರ್ಶನಕ್ಕೆ ವಿಷಯ ಯಾವುದು? 1799ರ ಶ್ರೀರಂಗಪಟ್ಟಣದ ಮುತ್ತಿಗೆ ಒಳ್ಳೆಯದು. ಮಳೆ ಬಂದು ಕಾವೇರಿ ತುಂಬುವ ಮೊದಲು ಕೋಟೆ ಒಡೆಯಬೇಕು ಎಂಬ ಗಡಿಯಾರ ಅದರಲ್ಲೇ ಇದೆ. ಆದರೆ ನೋಡಲು ಬಂದವರು ಆಟ ಬಿಟ್ಟು ಟಿಪ್ಪುವಿನ ಬಗ್ಗೆ ವಾದಕ್ಕೆ ಇಳಿಯುವ ಸಾಧ್ಯತೆ ಇದೆ. ಈಗಿನ ಗಡಿ ಸಂಘರ್ಷಗಳನ್ನಂತೂ ಮುಟ್ಟುವುದು ಬೇಡ.

ನನ್ನನ್ನು ಕೇಳಿದರೆ ಯುದ್ಧವೇ ಬೇಡ. ಎಲ್ಲವೂ ಕಾಣದಿರುವಾಗ ನಿರ್ಧಾರ ಮಾಡುವುದನ್ನು ಕಲಿಸಲು ಶತ್ರು ಸೈನ್ಯವೇ ಆಗಬೇಕಿಲ್ಲ. ನೆರೆ ಬಂದಾಗ ಏನು ಮಾಡಬೇಕು ಎಂಬುದಕ್ಕೂ ಅಧಿಕಾರಿಗಳು ಮೇಜಿನ ಸುತ್ತ ಕೂತು ಹೀಗೇ ಅಭ್ಯಾಸ ಮಾಡುತ್ತಾರೆ. ನಿಮ್ಮ ಜಿಲ್ಲೆಯಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹೊನ್ನಾಳಿ ಅಥವಾ ಹರಿಹರದ ನಕ್ಷೆಯನ್ನು ಮಗ 1:8000 ಅಳತೆಯಲ್ಲಿ ಬರೆಯಲಿ. ಒಂದು ಮೀಟರ್ ಕಾಗದದಲ್ಲಿ 8 ಕಿಲೋಮೀಟರ್ ಹಿಡಿಯುತ್ತದೆ. ನೀಲಿ ಕಡೆಗೆ ದೋಣಿ, ಟ್ರ್ಯಾಕ್ಟರ್, ಗಂಜಿ ಕೇಂದ್ರ. ಕೆಂಪು ಕಡೆ ನದಿ. ನೀರು ಎಲ್ಲಿಗೆ ಬಂತು, ಯಾವ ಸೇತುವೆ ಮುಚ್ಚಿತು ಎಂಬುದು ಅಂಪೈರ್‌ಗೆ ಮಾತ್ರ ಗೊತ್ತು. ಚೀಟಿಯಲ್ಲಿ ಸುದ್ದಿ ಬರುತ್ತದೆ, ತಡವಾಗಿ, ಕೆಲವೊಮ್ಮೆ ತಪ್ಪಾಗಿ.

ನೀರಿನ ಲೆಕ್ಕ ಎಲ್ಲಿಂದ ತರುವುದು ಅಂತ ಮಗ ಕೇಳುತ್ತಾನೆ. ನಿಮ್ಮ ಅತ್ತೆಯವರಿಂದ ಶುರು ಮಾಡಲಿ. ಹೊಳೆ ಸೀಮೆಯ ಆ ವಯಸ್ಸಿನವರಿಗೆ ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು, ಯಾವ ದಾರಿ ಮೊದಲು ಮುಳುಗಿತು ಎಂಬುದು ನೆನಪಿರುತ್ತದೆ. ಅವರಿಗೆ ಗೊತ್ತಿಲ್ಲದ್ದನ್ನು ಅವರ ಪರಿಚಯದ ನದಿ ಪಕ್ಕದವರನ್ನು ಕೇಳಲಿ. ಹೇಳಿದ ಜಾಗಗಳನ್ನು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲಿ. ದಾಳ ಆಮೇಲೆ.